ಸೌದೆ ಹೊತ್ತ ಗಾಲಿಗಳು

ಉರುವಲುಗಳಲ್ಲೆಲ್ಲ ಸಾಗಣೆಗೆ ಅತ್ಯಂತ ತೊಡಕಿನದು ಸೌದೆ. ಎಷ್ಟು ಜಾಣತನದಿಂದ ಒಟ್ಟಿದರೂ ತುಂಡುಗಳ ನಡುವೆ ಗಾಳಿ ಉಳಿಯುವುದರಿಂದ ಒಂದು ಘನ ಮೀಟರ್ ರಾಶಿಯಲ್ಲಿ ನಿಜವಾದ ಮರ ಸುಮಾರು ಮೂರನೆಯ ಎರಡು ಪಾಲಷ್ಟೇ ಇರುತ್ತದೆ. ಮರ ಆಗತಾನೆ ಕಡಿದುದಾದರೆ ಅದರ ತೂಕದಲ್ಲಿ ಅರ್ಧದಷ್ಟು ಬರಿಯ ನೀರೇ ಆಗಿರುವುದರಿಂದ, ಹಸಿ ಸೌದೆಯನ್ನು ದೂರಕ್ಕೆ ಸಾಗಿಸುವವನು ಬಾಡಿಗೆ ಕೊಟ್ಟು ನೀರನ್ನು ಹೊರಿಸಿದಂತಾಗುತ್ತದೆ. ಇಷ್ಟು ಜಾಗವನ್ನೂ ತೂಕವನ್ನೂ ಬೇಡುವ ಈ ಸರಕಿನ ಬೆಲೆ ಮಾತ್ರ ಅಗ್ಗ. ಆದಕಾರಣ ಸೌದೆ ಎಷ್ಟು ದೂರದಿಂದ ಬರಬಹುದು, ಕಡ್ಡಿಯಾಗಿ ಬರುತ್ತದೆಯೋ ದಿಮ್ಮಿಯಾಗಿ ಬರುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿರುವುದು ಅದನ್ನು ಹೊರುವ ವಾಹನ. ಕರ್ನಾಟಕದಲ್ಲಿ ಎತ್ತಿನ ಗಾಡಿಯಿಂದ ಟ್ರ್ಯಾಕ್ಟರ್ ಟ್ರೇಲರ್‌ವರೆಗೆ ನಡೆದಿರುವ ಬದಲಾವಣೆಯನ್ನು ಈ ದೃಷ್ಟಿಯಿಂದ ಗಮನಿಸುವುದು ಉಪಯುಕ್ತ.

ಗಾಲಿಯೇ ಇಲ್ಲದ ಸಾಗಣೆಯಿಂದ ಈ ಪರಿಚಯವನ್ನು ಆರಂಭಿಸಬೇಕಾಗುತ್ತದೆ. ಹಳ್ಳಿಯ ಒಲೆಗೆ ಬೇಕಾದ ಸೌದೆ ಬಹುಕಾಲ ಹೆಂಗಸರ, ಮಕ್ಕಳ ತಲೆಹೊರೆಯಾಗಿಯೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳ ಇಂಧನ ಬಳಕೆಯನ್ನು ಅಳೆದಾಗ ಕಂಡ ಮುಖ್ಯ ಸಂಗತಿಗಳಲ್ಲೊಂದು, ಈ ಹೊರೆಗಳಲ್ಲಿ ಇರುತ್ತಿದ್ದುದು ಹೆಚ್ಚಾಗಿ ಪುರಲೆ, ಒಣಗಿ ಬಿದ್ದ ರೆಂಬೆ, ಬೇಲಿಯ ಕಡ್ಡಿಗಳೇ ಹೊರತು ಬುಡಸಹಿತ ಕಡಿದ ಮರವಲ್ಲ ಎಂಬುದು. ತಲೆಯ ಮೇಲೆ ಹೊತ್ತು ಮೈಲಿಗಟ್ಟಲೆ ನಡೆಯುವವಳಿಗೆ ದಿಮ್ಮಿಯನ್ನು ಕಡಿಯುವ ಹತ್ಯಾರವೂ ಇಲ್ಲ, ಹೊರುವ ಬಲವೂ ಇಲ್ಲ. ದಿಮ್ಮಿ ಸೌದೆಗೆ ಗಾಲಿ ಬೇಕು. ಗಾಲಿ ಇರುವಲ್ಲಿ ಸೌದೆ ಮನೆಯ ಅಗತ್ಯವನ್ನು ದಾಟಿ ಮಾರಾಟದ ಸರಕಾಗುತ್ತದೆ. ಕಾಡು ಬರಿದಾದುದಕ್ಕೆ ಹಳ್ಳಿಯ ಬಡವರ ಒಲೆಯನ್ನು ದೂರುವ ವಾಡಿಕೆ ಎಷ್ಟು ಅನ್ಯಾಯದ್ದೆಂಬುದು ಈ ಒಂದು ವ್ಯತ್ಯಾಸದಿಂದಲೇ ತಿಳಿಯುತ್ತದೆ.

ಆ ಗಾಲಿಯನ್ನು ಶತಮಾನಗಳ ಕಾಲ ಒದಗಿಸಿದ್ದು ಊರಿನ ಬಡಗಿ ಮತ್ತು ಕಮ್ಮಾರ. ಗಾಲಿಯ ನಡುವಿನ ದಪ್ಪ ಮರದ ಕೊರಡಿಗೆ ಗುಂಬ ಎಂದು ಹೆಸರು. ಅದರಲ್ಲಿ ತೋಡಿದ ಕುಳಿಗಳಿಗೆ ಅರಗಳನ್ನು, ಅಂದರೆ ನಡುವಿನಿಂದ ಅಂಚಿಗೆ ಚಾಚುವ ಕಡ್ಡಿಗಳನ್ನು ಬಡಿದು ಕೂರಿಸಿ, ಅವುಗಳ ಹೊರತುದಿಗಳನ್ನು ಕಮಾನಿನಂತೆ ಬಾಗಿದ ಮರದ ತುಂಡುಗಳಿಂದ ವರ್ತುಲಾಕಾರವಾಗಿ ಬಂಧಿಸುತ್ತಾರೆ. ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಕರಿಜಾಲಿಯ ಮರ ಹೆಸರಾದದ್ದು, ಏಕೆಂದರೆ ಅದು ಗಡುಸಾದದ್ದು, ಪೆಟ್ಟು ತಿಂದರೂ ಬೇಗ ಸೀಳದು. ಎಲ್ಲಕ್ಕಿಂತ ಕೌಶಲ ಬೇಡುವ ಹಂತ ಕಬ್ಬಿಣದ ಪಟ್ಟಿ ಕಟ್ಟುವುದು. ಗಾಲಿಯ ಸುತ್ತಳತೆಗಿಂತ ತುಸುವೇ ಕಿರಿದಾಗಿ ಬೆಸೆದ ಬಳೆಯನ್ನು ಬೆರಣಿ ಮತ್ತು ಸೌದೆಯ ಉರಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ನಾಲ್ಕಾರು ಜನ ಇಕ್ಕಳಗಳಿಂದ ಅದನ್ನೆತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮುನ್ನವೇ ನೀರು ಸುರಿದರೆ ಬಳೆ ಕುಗ್ಗಿ, ಗುಂಬ, ಅರ, ಅಂಚುಗಳ ಒಂದೊಂದು ಕೀಲನ್ನೂ ಒಳಕ್ಕೆ ಒತ್ತಿ ಬಿಗಿಮಾಡುತ್ತದೆ. ಬಳೆಯ ಅಳತೆ ಹೆಚ್ಚಾದರೆ ಬೇಸಗೆಯಲ್ಲಿ ಗಾಲಿ ಒಣಗಿದಾಗ ಅದು ಸಡಿಲವಾಗುತ್ತದೆ, ಕಡಿಮೆಯಾದರೆ ಅರಗಳು ಬಾಗುತ್ತವೆ. ಈ ಲೆಕ್ಕವನ್ನು ಕಮ್ಮಾರ ಯಾವ ಕೋಷ್ಟಕದ ನೆರವೂ ಇಲ್ಲದೆ ಮಾಡುತ್ತಿದ್ದನೆಂಬುದನ್ನು ನೆನೆದರೆ ಆ ವಿದ್ಯೆಯ ಬಗ್ಗೆ ಗೌರವ ಮೂಡದಿರದು.

ಗಾಲಿಗಳು ತಿರುಗುವುದು ಅಚ್ಚಿನ ಮೇಲೆ. ಅವು ಕಳಚದಂತೆ ಅಚ್ಚಿನ ತುದಿಗೆ ತೂರಿಸುವ ಚಿಕ್ಕ ಕಬ್ಬಿಣದ ಮೊಳೆ ಕಡಾಣಿ. ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮನೆಯಲ್ಲೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಅಚ್ಚಿನಿಂದ ಮುಂದಕ್ಕೆ ಚಾಚುವ ಉದ್ದನೆಯ ಮರ ಮೂಕಿ, ಅದರ ತುದಿಗೆ ಅಡ್ಡಲಾಗಿ ಎತ್ತುಗಳ ಹೆಗಲೇರುವುದು ನೊಗ. ಗೊಬ್ಬರ, ಧಾನ್ಯಗಳನ್ನು ಹೇರುವಾಗ ಬೇಕಾಗುವ ಬಿದಿರ ತಟ್ಟಿ, ಪಕ್ಕದ ಹಲಗೆಗಳನ್ನು ಸೌದೆ ಹೇರುವ ದಿನ ಕಳಚಿಟ್ಟು, ಎರಡೂ ಬದಿಗೆ ಎತ್ತರದ ಗೂಟಗಳನ್ನಷ್ಟೇ ನೆಡುವುದು ರೂಢಿ. ದಪ್ಪ ದಿಮ್ಮಿಗಳು ತಳಕ್ಕೆ, ಸೀಳಿದ ತುಂಡುಗಳು ನಡುವಿಗೆ, ರೆಂಬೆಗಳು ಮೇಲಕ್ಕೆ ಎಂಬ ಕ್ರಮದಲ್ಲಿ ಗೂಟಗಳ ನಡುವೆ ಒಟ್ಟಿ, ಮೇಲೆ ಹಗ್ಗ ಹಾಯಿಸಿ, ಆ ಹಗ್ಗದೊಳಗೆ ಒಂದು ಗಳು ತೂರಿಸಿ ತಿರುಚಿದರೆ ಇಡೀ ಹೊರೆ ಒಂದೇ ಕಟ್ಟಾಗುತ್ತದೆ.

ಹೇರುವವನ ಅನುಭವ ಪರೀಕ್ಷೆಗೆ ಒಳಗಾಗುವುದು ತೂಕದ ಹಂಚಿಕೆಯಲ್ಲಿ. ಎರಡು ಗಾಲಿಯ ಗಾಡಿ ಅಚ್ಚಿನ ಮೇಲೆ ತೂಗುವ ತಕ್ಕಡಿಯಿದ್ದಂತೆ. ಸೌದೆಯ ಭಾರ ಅಚ್ಚಿನಿಂದ ಬಹಳ ಮುಂದಕ್ಕೆ ಬಿದ್ದರೆ ಅದು ಮುಂಭಾರ, ಆಗ ನೊಗ ಎತ್ತುಗಳ ಹೆಗಲನ್ನು ಜಜ್ಜುತ್ತದೆ. ಹಿಂದಕ್ಕೆ ಸರಿದರೆ ಹಿಂಭಾರ, ಆಗ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತುಗಳ ಉಸಿರನ್ನು ಬಿಗಿಹಿಡಿಯುತ್ತದೆ. ಭಾರ ಅಚ್ಚಿಗಿಂತ ಕೊಂಚ ಮುಂದಿದ್ದು, ಒಬ್ಬನು ಮೂಕಿಯನ್ನು ಎತ್ತಿ ಹಿಡಿಯಬಲ್ಲಷ್ಟೇ ತೂಕ ನೊಗದ ಮೇಲೆ ಉಳಿಯುವುದು ಸರಿಯಾದ ಹೇರಿಕೆ. ಏರಿನಲ್ಲಿ ಹೊರೆ ತಾನಾಗಿ ಹಿಂದಕ್ಕೆ ವಾಲುವುದರಿಂದ ಗಾಡಿ ಹೊಡೆಯುವವನು ಮುಂದೆ ಮೂಕಿಯ ಬಳಿ ಕುಳಿತು ತನ್ನ ಮೈತೂಕವನ್ನೇ ಎದುರುಭಾರವಾಗಿ ಬಳಸುತ್ತಾನೆ, ಇಳಿಜಾರಿನಲ್ಲಿ ಕೆಳಗಿಳಿದು, ಗಾಲಿಗೆ ಅಡ್ಡಲಾಗಿ ಕಟ್ಟಿದ ಮರದ ದಂಡವನ್ನು ಹಗ್ಗದಿಂದ ಬಿಗಿದು ವೇಗ ತಗ್ಗಿಸುತ್ತಾನೆ.

ಇಂಥ ಗಾಡಿ ಸಾಧಾರಣವಾಗಿ ಒಂದು ಟನ್ನಿನ ಆಸುಪಾಸಿನ ಹೊರೆಯನ್ನು ಎಳೆಯುತ್ತಿತ್ತು. ಒಂದೇ ಹಗಲಲ್ಲಿ ಹೋಗಿ ಬರಬಹುದಾದ ದೂರವೇ ಅದರ ಎಲ್ಲೆಯಾದ್ದರಿಂದ ಪಟ್ಟಣಗಳಿಗೆ ಸೌದೆ ಒದಗಿಸುವ ಹಳ್ಳಿಗಳು ಸುತ್ತಲಿನ ಒಂದು ಕಿರಿದಾದ ವಲಯದಲ್ಲೇ ಇರುತ್ತಿದ್ದವು. ಆ ವಲಯವನ್ನು ಮೊದಲು ಮುರಿದದ್ದು ರೈಲು. ರೈಲು ಸ್ವತಃ ಸೌದೆಯನ್ನು ಸುಡುತ್ತಿತ್ತು ಎಂಬುದು ಈಗ ಹಲವರಿಗೆ ನೆನಪಿಲ್ಲ; ಮದ್ರಾಸ್ ಪ್ರಾಂತ್ಯದ ಕರಾವಳಿಯಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಬ್ಬಿಸಿದ ಸರ್ವೆ ತೋಪುಗಳಿಗೆ ಮುಖ್ಯ ಪ್ರೇರಣೆ ಎಂಜಿನ್‌ಗಳ ಹಸಿವೇ ಆಗಿತ್ತು. ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳೂ ಸೌದೆಯನ್ನು ಉಂಡವು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ತಲುಪಿದ ಮೇಲೆ ಆ ಬೇಡಿಕೆ ಇಳಿಯಿತು. ಭದ್ರಾವತಿಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ: 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲನ್ನು ನೆಚ್ಚಿಕೊಂಡಿದ್ದರಿಂದ, ಕಾಡಿನೊಳಕ್ಕೆ ಟ್ರಾಮ್ ಹಳಿಗಳು ಚಾಚಿದವು. ಹಳಿ ಹೋದಷ್ಟು ದೂರ ಕೊಡಲಿಯೂ ಹೋಯಿತು.

ಎತ್ತಿನ ಗಾಡಿಯೂ ಈ ನಡುವೆ ಸುಧಾರಿಸಿತು. ಕಬ್ಬಿಣದ ಪಟ್ಟಿಯ ಗಾಲಿ ನೆಲವನ್ನು ಮುಟ್ಟುವ ಭಾಗ ತೀರ ಕಿರಿದಾದ್ದರಿಂದ ಮಳೆಗಾಲದಲ್ಲಿ ಅದು ಹೂತುಹೋಗುತ್ತದೆ, ಡಾಂಬರು ರಸ್ತೆಯನ್ನು ಕೊರೆಯುತ್ತದೆ; ಗಾಳಿ ತುಂಬಿದ ಟೈರು ಮತ್ತು ಉಕ್ಕಿನ ಗುಂಡುಗಳ ಮೇಲೆ ತಿರುಗುವ ಬೇರಿಂಗ್ ಇರುವ ಗಾಡಿಯನ್ನು ಅದೇ ಜೋಡಿ ಎತ್ತು ಕಡಿಮೆ ಶ್ರಮದಿಂದ, ಹೆಚ್ಚು ಹೊರೆಯೊಡನೆ ಎಳೆಯಬಲ್ಲದು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ದೇಶದ ಸಾರಿಗೆ ವ್ಯವಸ್ಥೆಯ ಗಂಭೀರ ಅಂಗವೆಂದು ಪರಿಗಣಿಸಬೇಕೆಂದೂ, ಗಾಡಿ ಸುಧಾರಿಸಿದರೆ ಎತ್ತಿನ ನೋವೂ ತಗ್ಗುತ್ತದೆಂದೂ ದಶಕಗಳ ಕಾಲ ವಾದಿಸಿ, ‘ಕಾರ್ಟ್‌ಮನ್’ ಎಂಬ ಸಂಸ್ಥೆಯನ್ನೇ ಕಟ್ಟಿದರು. ಅವರ ಮಾತಿಗೆ ಸಿಗಬೇಕಾದಷ್ಟು ಬೆಲೆ ಸರ್ಕಾರಗಳಿಂದ ಸಿಗಲಿಲ್ಲ ಎನ್ನುವುದು ವಿಷಾದದ ಸಂಗತಿ.

ಪಟ್ಟಣದ ಸೌದೆ ಡಿಪೋಗಳನ್ನು ಆ ಹೊತ್ತಿಗೆ ಲಾರಿ ಹಿಡಿದುಕೊಂಡಿತ್ತು. ಎ.ಕೆ.ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿಯವರು ಬೆಂಗಳೂರಿನ ಸೌದೆಯನ್ನು ಕುರಿತು 1983ರಲ್ಲಿ ಪ್ರಕಟಿಸಿದ ಅಧ್ಯಯನವು, ನಗರದ ಬಡ ಮನೆಗಳ ಒಲೆಗೂ ದೂರದ ತೋಪುಗಳಿಗೂ ಇರುವ ನಂಟನ್ನು ಸ್ಪಷ್ಟವಾಗಿ ತೋರಿಸಿತು. ಗಾಡಿಗೆ ಒಂದು ಹಗಲಿನ ಎಲ್ಲೆಯಿತ್ತು, ಲಾರಿಗೆ ಡೀಸೆಲ್‌ನ ಬೆಲೆಯೊಂದೇ ಎಲ್ಲೆ.

ಅಡುಗೆ ಅನಿಲ ಹರಡಿದ ಮೇಲೆ ಮನೆಗೆ ಮಾರುವ ಡಿಪೋಗಳು ವಿರಳವಾದರೂ ಸೌದೆಯ ಸಾಗಣೆ ನಿಂತಿಲ್ಲ. ರೇಷ್ಮೆ ನೂಲು ಬಿಚ್ಚುವ ಬಟ್ಟಿ, ಇಟ್ಟಿಗೆ ಗೂಡು, ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಒಲೆ, ಕಲ್ಯಾಣ ಮಂಟಪಗಳ ಅಡುಗೆಮನೆ, ಚಿತಾಗಾರಗಳು ಈಗಲೂ ಅದನ್ನು ಬೇಡುತ್ತವೆ. ಈ ಬೇಡಿಕೆಯ ಬಹುಪಾಲನ್ನು ಈಗ ಹಳ್ಳಿಯ ಮಟ್ಟದಲ್ಲಿ ಹೊರುತ್ತಿರುವುದು ಟ್ರ್ಯಾಕ್ಟರಿಗೆ ಕೊಂಡಿ ಹಾಕಿದ ಟ್ರೇಲರ್. ತಾಲ್ಲೂಕು ಪೇಟೆಗಳ ವೆಲ್ಡಿಂಗ್ ಅಂಗಡಿಗಳಲ್ಲಿ, ಉಕ್ಕಿನ ಚೌಕಟ್ಟಿಗೆ ತಗಡಿನ ಪೆಟ್ಟಿಗೆ ಬೆಸೆದು ಕಟ್ಟುವ ಈ ವಾಹನ ಎರಡು ಬಗೆಯದು. ಎರಡು ಗಾಲಿಯ ಟ್ರೇಲರ್‌ನಲ್ಲಿ ಅಚ್ಚನ್ನು ನಡುವಿಗಿಂತ ತುಸು ಹಿಂದಕ್ಕೆ ಕೂರಿಸಲಾಗುತ್ತದೆ. ಆಗ ಹೊರೆಯ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಕುಳಿತು ಅವುಗಳಿಗೆ ನೆಲದ ಹಿಡಿತ ಕೊಡುತ್ತದೆ. ಸೌದೆಯನ್ನು ಹಿಂದಕ್ಕೆ ಹೇರಿದರೆ ಕೊಂಡಿ ಮೇಲೆದ್ದು ಹಿಂಗಾಲಿಗಳು ಜಾರುತ್ತವೆ, ಅತಿಯಾಗಿ ಮುಂದಕ್ಕೆ ಹೇರಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳೇ ನೆಲ ಬಿಡುತ್ತವೆ: ಮುಂಭಾರ, ಹಿಂಭಾರಗಳ ಹಳೆಯ ನಿಯಮ ಇಲ್ಲಿ ಎತ್ತಿನ ಹೆಗಲಿನಿಂದ ಕಬ್ಬಿಣಕ್ಕೆ ವರ್ಗವಾಗಿದೆ, ಅಷ್ಟೆ. ನಾಲ್ಕು ಗಾಲಿಯ ಟ್ರೇಲರ್‌ನ ಮುಂದಿನ ಅಚ್ಚು ಒಂದು ತಿರುಗುಚಕ್ರದ ಮೇಲಿದ್ದು, ಹೊರೆಯನ್ನು ತಾನೇ ಹೊರುತ್ತದೆ. ಅದು ಹೆಚ್ಚು ಭಾರ ತಾಳಿದರೂ ಕಾಡಂಚಿನ ಇಕ್ಕಟ್ಟಿನ ದಾರಿಯಲ್ಲಿ ಹಿಂದಕ್ಕೆ ತಿರುಗಿಸುವುದು ಕಷ್ಟ.

ಹಿಂದಿಗಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದೂ ಇಲ್ಲಿಯೇ. ಹಲವು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಟನ್ನುಗಟ್ಟಲೆ ಹೊರೆ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕುವುದರಿಂದ ಕೆಳಗಿನ ಗೇರಿನಲ್ಲೇ ಇಳಿಯಬೇಕು, ಇಂಧನ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಪ್ರಾಣಕ್ಕೆ ಎರವಾಗುತ್ತದೆ. ಪೆಟ್ಟಿಗೆಯ ಅಂಚಿಗಿಂತ ಬಹು ಎತ್ತರಕ್ಕೆ ಒಟ್ಟಿದ ಸೌದೆ ತಿರುವಿನಲ್ಲಿ ವಾಲುತ್ತದೆ, ಹಿಂದಕ್ಕೆ ಚಾಚಿದ ದಿಮ್ಮಿಗಳು ಕತ್ತಲಲ್ಲಿ ಬೈಕು ಸವಾರರಿಗೆ ಕಾಣುವುದೇ ಇಲ್ಲ. ಎತ್ತಿನ ಗಾಡಿಯ ಅಡಿಯಲ್ಲಿ ಲಾಟೀನು ತೂಗುಹಾಕುತ್ತಿದ್ದ ನಾಡಿನಲ್ಲಿ ಹಿಂಬದಿಯ ಕೆಂಪು ದೀಪವೂ ಹೊಳೆಯುವ ಪಟ್ಟಿಯೂ ಇಲ್ಲದ ಟ್ರೇಲರ್‌ಗಳು ಹೆದ್ದಾರಿಗೆ ಇಳಿಯುವುದನ್ನು ಸಹಿಸಿಕೊಳ್ಳಬಾರದು.

ಸೌದೆಯ ವಾಹನಕ್ಕೆ ಕಾನೂನಿನ ಕಾಗದವೂ ಬೇಕು. ಅರಣ್ಯೋತ್ಪನ್ನವನ್ನು ಸಾಗಿಸಲು ಅರಣ್ಯ ಇಲಾಖೆ ಕೊಡುವ ಅನುಮತಿಪತ್ರಕ್ಕೆ ರಹದಾರಿ ಎನ್ನುತ್ತಾರೆ. ಮರ ಕಡಿಯುವುದನ್ನು ನಿಯಂತ್ರಿಸುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮುಂತಾದ ಕೆಲವನ್ನು ಅನುಮತಿಯ ಅಗತ್ಯದಿಂದ ಹೊರಗಿಟ್ಟಿದೆ. ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮರಗಳೇ ಆಗಿರುವುದು ಆಕಸ್ಮಿಕವಲ್ಲ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದ್ದರಿಂದ, ಮುಂದೆ ಈ ಹೊರೆಯ ಪಾಲನ್ನು ತುಂಬುವ ಮರ ಯಾವುದೆಂಬ ಪ್ರಶ್ನೆ ರೈತರ ಮುಂದಿದೆ.

ಆ ಪ್ರಶ್ನೆ ಅತ್ಯಂತ ತೀವ್ರವಾಗಿರುವುದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ತಂಬಾಕು ಸೀಮೆಯಲ್ಲಿ. ಅಲ್ಲಿ ಹಸಿರೆಲೆಯನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ತೂಗುಹಾಕಿ, ಕೆಳಗಿನ ಕೊಳವೆಗಳಲ್ಲಿ ಹರಿಯುವ ಬಿಸಿಯಿಂದ ಹಲವು ದಿನ ಹದಮಾಡುತ್ತಾರೆ. ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಎಲೆ ಕೊಯ್ಲಿಗೆ ಬರುವುದು ಮುಂಗಾರಿನ ನಡುವೆ. ಅಷ್ಟರಲ್ಲಿ ಹೊಲದ ದಾರಿಗಳು ಕೆಸರಾಗಿ ತುಂಬಿದ ಟ್ರೇಲರ್ ಹೂತುಹೋಗುವುದರಿಂದಲೂ, ನೆನೆದ ಸೌದೆ ಬ್ಯಾರನ್ನಿನ ಬಿಸಿಯನ್ನು ಏರಿಳಿಸಿ ಎಲೆಯ ಬಣ್ಣ ಕೆಡಿಸುವುದರಿಂದಲೂ, ಇಡೀ ಹಂಗಾಮಿನ ಸೌದೆಯನ್ನು ಬೇಸಗೆಯಲ್ಲೇ ತರಿಸಿ, ಸೀಳಿ, ಸೂರಿನಡಿ ಒಟ್ಟಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಟ್ರೇಲರ್‌ನ ಬಾಡಿಗೆ ಕೊಡಲಾರದ ಬೆಳೆಗಾರ ಜುಲೈನಲ್ಲಿ ಹಸಿ ಸೌದೆಗೇ ಹೆಚ್ಚು ಹಣ ತೆರಬೇಕಾಗುತ್ತದೆ.