ರಾಜೀನಾಮೆ ಬರೆಯುವ ಮುನ್ನ ಗ್ರಾಚ್ಯುಟಿ ಲೆಕ್ಕ

ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ನಾಲ್ಕು ವರ್ಷ ದಾಟಿದ ಟೈಲರ್‌ಗಳಿಗೆ ಕೆಲವೊಮ್ಮೆ ಒಂದು ಸಲಹೆ ಬರುತ್ತದೆ: "ರಾಜೀನಾಮೆ ಬರ್ಕೊಡಮ್ಮ, ಪಿಎಫ್ ದುಡ್ಡು ತಗೊ, ಆಮೇಲೆ ಹೊಸದಾಗಿ ಸೇರ್ಕೊ." ಸ್ಕೂಲ್ ಫೀಸಿಗೆ, ಸಾಲಕ್ಕೆ ದುಡ್ಡು ಬೇಕಾದ ಹೊತ್ತಿನಲ್ಲಿ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಆದರೆ ಸಹಿ ಬಿದ್ದರೆ ದುಡಿದ ವರ್ಷಗಳು ಅಲ್ಲಿಗೇ ಮುಗಿದು, ಸೇವೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೈತಪ್ಪುವುದು ಗ್ರಾಚ್ಯುಟಿ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಸತತ ಐದು ವರ್ಷ ಪೂರೈಸಿದವರಿಗೆ, ತಾವಾಗಿಯೇ ಬಿಟ್ಟರೂ, ಮಾಲೀಕರು ಕೊಡಲೇಬೇಕಾದ ಹಣ ಇದು. 1972ರ ಕಾಯ್ದೆ ಕೊಟ್ಟ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಈಗ ಒಂದು ವರ್ಷ ಸಾಕು.

ಲೆಕ್ಕ ಸುಲಭ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ. ಬಂದ ಮೊತ್ತ ಒಂದು ವರ್ಷದ್ದು. 13,000 ರೂಪಾಯಿ ಇದ್ದರೆ ವರ್ಷಕ್ಕೆ 7,500. ಏಳು ವರ್ಷ ಏಳು ತಿಂಗಳು ದುಡಿದಿದ್ದರೆ ಅದನ್ನು ಎಂಟು ವರ್ಷವೆಂದೇ ಹಿಡಿಯಬೇಕು. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷಕ್ಕೆ ಸಮ. ಅಲ್ಲಿಗೆ 60,000 ರೂಪಾಯಿ. ಹೆರಿಗೆ ರಜೆಯಿಂದ ಸೇವೆ ತುಂಡಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 26 ವಾರಗಳವರೆಗಿನ ಆ ರಜೆಯೂ ದುಡಿದ ದಿನಗಳಲ್ಲೇ ಸೇರುತ್ತದೆ.

ಜಗಳ ಬಂದಾಗ ಕೈ ಹಿಡಿಯುವುದು ದಾಖಲೆ. ನೇಮಕಾತಿ ಪತ್ರ, ಪೇ ಸ್ಲಿಪ್, ಐಡಿ ಕಾರ್ಡ್‌ಗಳ ಫೋಟೊ ಮೊಬೈಲ್‌ನಲ್ಲಿರಲಿ. ಯುಎಎನ್ ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ತೆಗೆದರೆ ಯಾವ ತಿಂಗಳು ಯಾವ ಕಂಪನಿಯ ದುಡ್ಡು ಜಮೆಯಾಗಿದೆ ಎಂಬುದು ಕಾಣುತ್ತದೆ. ಎಚ್‌ಆರ್‌ನವರು ಅಲ್ಲಗಳೆಯಲಾಗದ ಸಾಕ್ಷಿ ಅದು. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಕೆಲಸ ಬಿಟ್ಟ ಕೂಡಲೇ ಗ್ರಾಚ್ಯುಟಿಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಮೂವತ್ತು ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸಮೇತ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. "ಕಂಪನಿ ನಷ್ಟದಲ್ಲಿದೆ" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ: ಗ್ರಾಚ್ಯುಟಿಗೆ ವಿಮೆ ಕಡ್ಡಾಯ ಮಾಡುವ ನಿಯಮವನ್ನು ಕರ್ನಾಟಕ 2024ರ ಜನವರಿಯಲ್ಲೇ ತಂದಿದೆ. ಯಾವ ವಿಮಾ ಕಂಪನಿ ಎಂದು ಕೇಳಿ.

ಕೆಲಸದಲ್ಲಿದ್ದಾಗಲೇ ಕಾರ್ಮಿಕರು ತೀರಿಕೊಂಡರೆ ಐದು ವರ್ಷದ ನಿಯಮವಿಲ್ಲ. ಹಣ ನಾಮಿನಿಗೆ ಹೋಗುತ್ತದೆ. ಮದುವೆಗೆ ಮುಂಚೆ ಬರೆಸಿದ ಹೆಸರೇ ಇನ್ನೂ ಇದ್ದರೆ ಈ ವಾರವೇ ಹೊಸ ನಾಮಿನೇಷನ್ ಫಾರಂ ತುಂಬಿ ಕೊಡಿ.