ಕಲ್ಲಿನ ಓಲೆ, ತಂತಿಯ ಮಾತು

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋದವರು ಜಟಾಯುವಿನ ಕಥೆ ಕೇಳದೆ ಇಳಿಯುವುದಿಲ್ಲ. ಸೀತೆಯ ಸುದ್ದಿಯನ್ನು ರಾಮನಿಗೆ ಮುಟ್ಟಿಸಿ ಹಕ್ಕಿ ಪ್ರಾಣ ಬಿಟ್ಟದ್ದು ಇಲ್ಲೇ ಎಂಬ ನಂಬಿಕೆ. ಅದೇ ಬೆಟ್ಟದ ಬಂಡೆಯಲ್ಲಿ ಅಶೋಕನ ಸುದ್ದಿಯೂ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನವನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬೆಳಕಿಗೆ ತಂದರು. ಇಲ್ಲಿಯದು ಬಹಳ ಸವೆದಿದೆ. ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಅದರಲ್ಲಿ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಮೊದಲು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ರಾಜಾಜ್ಞೆ ಆಮೇಲೆ.

ಯುಎಸ್‌ಬಿ ತಂತಿಯಲ್ಲೂ ಕುಶಲ ಪ್ರಶ್ನೆ ಮೊದಲು, ವಿಷಯ ಆಮೇಲೆ. ಚಳ್ಳಕೆರೆಯ ಹುಡುಗಿಯೊಬ್ಬಳು ಶೇಂಗಾ ಹೊಲದ ತೇವ ಅಳೆಯಲು ಆರ್ಡುಯಿನೋ ಮಾದರಿಯ ಪುಟ್ಟ ಬೋರ್ಡನ್ನು ಲಿನಕ್ಸ್ ಕಂಪ್ಯೂಟರಿಗೆ ಚುಚ್ಚಿದಳು ಅನ್ನಿ. ಬೋರ್ಡಿನ ದೀಪ ಹೊತ್ತಿತು. ಕಂಪ್ಯೂಟರಿಗೆ ಮಾತ್ರ ಅದು ಕಾಣಿಸುತ್ತಿಲ್ಲ. ಬೋರ್ಡು ಕೆಟ್ಟಿದೆಯೇ? ಅಷ್ಟು ಬೇಗ ತೀರ್ಪು ಬೇಡ. ಮಾತು ಎಲ್ಲಿ ನಿಂತಿತು ಎಂದು ಹುಡುಕೋಣ.

ಸಾಮಾನ್ಯ ಯುಎಸ್‌ಬಿ ಕೇಬಲ್‌ನಲ್ಲಿ ನಾಲ್ಕು ತಂತಿಗಳು. ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾತಿಗೆ. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಮಾತಿನ ಜೋಡಿ ಇರುವುದೇ ಇಲ್ಲ: ಊಟ ಸಿಗುತ್ತದೆ, ಬಾಯಿ ಬರುವುದಿಲ್ಲ. ಆದ್ದರಿಂದ ಮೊದಲ ಪರೀಕ್ಷೆ ಕೇಬಲ್ ಬದಲಿಸುವುದು.

ಕೇಬಲ್ ಸರಿಯಿದ್ದರೆ ಬೋರ್ಡು 1.5 ಕಿಲೋ ಓಮ್‌ನ ರೋಧಕದ ಮೂಲಕ ಮಾತಿನ ಒಂದು ತಂತಿಯನ್ನು 3.3 ವೋಲ್ಟಿನತ್ತ ಎತ್ತಿ ಹಿಡಿಯುತ್ತದೆ. ‘ನಾನು ಬಂದಿದ್ದೇನೆ’ ಎಂದು ಕೈ ಎತ್ತಿದಂತೆ. ಆಗ ಕಂಪ್ಯೂಟರ್ ಹೊಸಬನನ್ನು 0 ಎಂಬ ತಾತ್ಕಾಲಿಕ ವಿಳಾಸದಲ್ಲಿ ಮಾತಾಡಿಸಿ, 1ರಿಂದ 127ರೊಳಗಿನ ಒಂದು ಸಂಖ್ಯೆ ಕೊಟ್ಟು, ‘ಯಾವ ಕಂಪನಿ, ಯಾವ ಮಾಲು?’ ಎಂದು ಕೇಳುತ್ತದೆ. ಈ ಸಂಭಾಷಣೆಯ ದಿನಚರಿ ಟರ್ಮಿನಲ್‌ನಲ್ಲಿ ಎಸ್-ಯು-ಡಿ-ಒ ಡಿ-ಎಂ-ಇ-ಎಸ್-ಜಿ ಎಂದು ಟೈಪಿಸಿದರೆ ಕಾಣುತ್ತದೆ. ಚುಚ್ಚಿದಾಗ ಒಂದು ಸಾಲೂ ಮೂಡದಿದ್ದರೆ ಕೇಬಲ್ ಅಥವಾ ಪೋರ್ಟು ಅನುಮಾನಾಸ್ಪದ. ‘ದೋಷ -71’ ಎಂದರೆ ಮಾತು ಶುರುವಾಗಿ ಕಲಸಿಹೋಗಿದೆ. ನಡುವೆ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರ ಚುಚ್ಚಿ ನೋಡಬೇಕು.

ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್-ಎಸ್-ಯು-ಎಸ್-ಬಿ ಆಜ್ಞೆಯ ಪಟ್ಟಿಯಲ್ಲಿ ಬೋರ್ಡು ಇದೆ, ಅಂಕಿ ಓದುವ ಸೀರಿಯಲ್ ಪೋರ್ಟು ಮಾತ್ರ ಇಲ್ಲವೇ? ಇದು ಬ್ರಾಹ್ಮಿ ಲಿಪಿಯ ಕಥೆ. ಅಶೋಕನ ಬಂಡೆಗಳು ಎಲ್ಲರ ಕಣ್ಣೆದುರೇ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿ ಬಿಡಿಸುವವರೆಗೆ ಓದುವವರಿರಲಿಲ್ಲ. ಕಂಪ್ಯೂಟರಿನಲ್ಲಿ ಓದುವ ಆ ಪಂಡಿತನೇ ಡ್ರೈವರ್. ಬ್ರಹ್ಮಗಿರಿಯ ಲಿಪಿಕಾರ ಚಪಡ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಹೆಸರಿನ ಮುಂದಿನ ‘ಲಿಪಿಕಾರ’ ಎಂಬ ಪದವನ್ನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿದ. ಒಂದೇ ಬಂಡೆ ಓದಲು ಇಬ್ಬರು ಪಂಡಿತರು ಬೇಕು! ಹಾಗೆಯೇ ಬೋರ್ಡಿನಲ್ಲಿ ಯುಎಸ್‌ಬಿ ಮಾತಾಡುವ ಒಂದೊಂದು ಬಗೆಯ ಚಿಪ್ಪಿಗೂ ಬೇರೆ ಡ್ರೈವರ್. ಸಾಮಾನ್ಯ ಚಿಪ್ಪುಗಳ ಡ್ರೈವರ್‌ಗಳು ಲಿನಕ್ಸ್‌ನೊಳಗೇ ಬಂದಿರುತ್ತವೆ.

ಕೆಲವೊಮ್ಮೆ ತಪ್ಪು ಪಂಡಿತ ನುಗ್ಗುತ್ತಾನೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಸಾಧನಗಳಿಗೆಂದು ಇರುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ, ಅಗ್ಗದ ಬೋರ್ಡುಗಳ ಸಿಎಚ್340 ಚಿಪ್ಪಿನ ಗುರುತುಸಂಖ್ಯೆ ನೋಡಿ ‘ಇದು ನನ್ನದೇ’ ಎಂದು ಎಳೆದುಕೊಳ್ಳುತ್ತದೆ. ಪೋರ್ಟು ಮೂಡಿ ಮರುಕ್ಷಣ ಮಾಯ. ಬ್ರೈಲ್ ಬಳಸುವವರು ಮನೆಯಲ್ಲಿಲ್ಲದಿದ್ದರೆ ಅದನ್ನು ತೆಗೆದುಹಾಕಬಹುದು.

ಎಲ್ಲ ಸರಿಹೋದ ಮೇಲೂ ‘ಅನುಮತಿ ಇಲ್ಲ’ ಎಂಬ ಉತ್ತರ ಬಂದೀತು. ಹುಡುಗಿ ಆಗ ಖುಷಿಪಡಬೇಕು: ಸುದ್ದಿ ಬಾಗಿಲವರೆಗೆ ಬಂದಿದೆ, ಒಳಗೆ ಕರೆಯುವ ಹಕ್ಕು ಮಾತ್ರ ಅವಳಿಗಿಲ್ಲ. ಉಬುಂಟುವಿನಲ್ಲಿ ತನ್ನ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ಹೊಲದ ತೇವದ ಅಂಕಿಗಳು ಪರದೆಯ ಮೇಲೆ ಇಳಿಯತೊಡಗುತ್ತವೆ.