ಎರಡು ಕಂಠದ ಗಂಗೂಬಾಯಿ

1930ರ ದಶಕದ ಕೆಲವು ಗ್ರಾಮಾಫೋನ್ ಪ್ಲೇಟುಗಳ ಮೇಲೆ ‘ಗಾಂಧಾರಿ ಹಾನಗಲ್’ ಎಂಬ ಹೆಸರಿದೆ. ಸೂಜಿ ಇಟ್ಟರೆ ಹೊರಡುವುದು ಎಳೆಯ, ಸಣ್ಣ, ಏರು ದನಿ. ತಾರ ಷಡ್ಜಕ್ಕೆ ಒಂದೇ ನೆಗೆತಕ್ಕೆ ಮುಟ್ಟಿ, ಅಲ್ಲಿಂದ ಸರಸರನೆ ಇಳಿದು ಬರುವ ಚುರುಕು. ಅದಾಗಿ ಮೂರು ನಾಲ್ಕು ದಶಕಗಳ ನಂತರದ ಎಲ್‌ಪಿಗಳ ಮೇಲಿರುವ ಹೆಸರು ಗಂಗೂಬಾಯಿ ಹಾನಗಲ್. ಅಲ್ಲಿ ದನಿ ತಳದಿಂದ ಏಳುತ್ತದೆ, ಭಾರವಾಗಿ, ಒರಟಾಗಿ, ಯಾವ ಅವಸರವೂ ಇಲ್ಲದೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿಸಿ, ಹಾಡಿದವರು ಒಬ್ಬರೇ ಎಂದರೆ ಗೊತ್ತಿಲ್ಲದವರು ನಂಬುವುದಿಲ್ಲ. ರಾಯದುರ್ಗ ಸೀಮೆಯ ನಮ್ಮ ಗುಮ್ಮಘಟ್ಟದ ಕಡೆ ಎರಡನೆಯದನ್ನು ಕೇಳಿದವರು ಮೊದಲು ಕೇಳುವ ಪ್ರಶ್ನೆ, ‘ಯಾರೀ ಯಜಮಾನ ಹಾಡೋದು?’

ಕೇಳುವವರ ತಪ್ಪಲ್ಲ ಬಿಡಿ. ರಾಯದುರ್ಗ ಸೀಮೆಯ ಕಿವಿ ಬೇರೆ. ಭಜನೆ ಮೇಳ, ತತ್ವಪದ, ಬಯಲಾಟ, ಕಂಪನಿ ನಾಟಕದ ಹಾಡು, ಅತ್ತ ತೆಲುಗು ಪದ್ಯ, ಇತ್ತ ಕನ್ನಡ ಸಿನಿಮಾ, ಇವುಗಳಲ್ಲಿ ಬೆಳೆದ ಕಿವಿ. ಶಾಸ್ತ್ರೀಯ ಎಂದರೆ ಕರ್ನಾಟಕ ಸಂಗೀತ, ತ್ಯಾಗರಾಜರ ಕೃತಿ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್‌ವರೆಗೂ ಬಳ್ಳಾರಿ ಜಿಲ್ಲೆಯದು. ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರಿನ ಜೊತೆ ಆಚೆಗೆ ಹೋಯಿತು. ರೈಲು ಮಾತ್ರ ಇನ್ನೂ ಬಳ್ಳಾರಿಗೇ ಹೋಗುತ್ತದೆ. ಅಲ್ಲಿಂದ ಹೊಸಪೇಟೆ, ಕೊಪ್ಪಳ, ಗದಗ ದಾಟಿದರೆ ಹುಬ್ಬಳ್ಳಿ. ಒಂದೇ ಹಳಿಯ ಈ ತುದಿಯಲ್ಲಿ ಕರ್ನಾಟಕ ಸಂಗೀತ, ಆ ತುದಿಯಲ್ಲಿ ಹಿಂದೂಸ್ತಾನಿ. ಎರಡರ ನಡುವಿನ ಗಡಿ ಎಲ್ಲೋ ತುಂಗಭದ್ರೆಯ ಮೇಲಿದೆ ಎಂದು ದೊಡ್ಡವರು ಹೇಳುತ್ತಾರೆ. ಗಂಗೂಬಾಯಿಯವರ ವಿಷಯದಲ್ಲಿ ಆ ಗಡಿ ಇದ್ದದ್ದು ಅವರ ಮನೆಯೊಳಗೇ.

ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಹೆಸರಾದವರು. ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರಂಥವರು ಮನೆಗೆ ಬಂದು ಕೂತು ಅವರ ಹಾಡು ಕೇಳಿ ಹೋದದ್ದುಂಟು. ಮಗಳ ಒಲವು ಹಿಂದೂಸ್ತಾನಿಯ ಕಡೆ ಎಂದು ತಿಳಿದಾಗ ತಾಯಿ ಮಾಡಿದ್ದನ್ನು ಇವತ್ತಿಗೂ ಧಾರವಾಡದವರು ಎತ್ತಿ ಹೇಳುತ್ತಾರೆ: ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಬೆರಕೆ ಆಗಬಾರದೆಂದು ತಾನೇ ಹಾಡುವುದನ್ನು ನಿಲ್ಲಿಸಿಬಿಟ್ಟರು. 1928ರಲ್ಲಿ ಪಾಠದ ಸಲುವಾಗಿಯೇ ಸಂಸಾರ ಹುಬ್ಬಳ್ಳಿಗೆ ಬಂತು. ತಾಯಿ ಹಾಡು ಬಿಟ್ಟ ಈ ಕಥೆಯನ್ನು ತ್ಯಾಗ ಎಂದು ಹೊಗಳಿ ಮುಗಿಸುವುದೇ ರೂಢಿ. ನನಗೆ ಅದರಲ್ಲಿ ಒಂದು ಕೊರಗೂ ಕಾಣುತ್ತದೆ. ಅಂಬಾಬಾಯಿಯವರ ದನಿ ಹೇಗಿತ್ತು ಎಂದು ಕೇಳಿ ತಿಳಿಯಲು ನಮ್ಮ ಕೈಯಲ್ಲಿ ಏನಿದೆ? 1932ರಲ್ಲಿ ಅವರು ತೀರಿಕೊಂಡರು. ಮಗಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ತಾಯಿ ಹೋದ ಆ ವರ್ಷಗಳಲ್ಲೇ ಮುಂಬಯಿಯ ದಾರಿ ತೆರೆಯಿತು. ಕಛೇರಿ, ಆಮೇಲೆ ರೇಡಿಯೊ, ಜೊತೆಗೆ ಎಚ್‌ಎಂವಿ ಎಂಬ ಪ್ಲೇಟು ಕಂಪನಿ.

ಗ್ರಾಮಾಫೋನ್ ಪ್ಲೇಟು ಆ ಕಾಲದ ಪಾಪ್ ಸಂಗೀತ. ಅರಗಿನಿಂದ ಮಾಡಿದ ಕರಿಯ ತಟ್ಟೆ, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಕೈಜಾರಿ ಬಿದ್ದರೆ ಹೋಳು. ಮೂರು ನಿಮಿಷದಲ್ಲಿ ರಾಗವನ್ನು ಬಿಡಿಸಿ ತೋರಿಸಲು ಬರುವುದಿಲ್ಲ. ಮುಖಡಾ, ಅಂದರೆ ಹಾಡಿನ ಮೊದಲ ಸಾಲು, ಹಿಡಿಸಬೇಕು, ಎರಡು ತಾನು ಹೊಡೆಯಬೇಕು, ಮುಗಿಸಬೇಕು. ಕಲ್ಕತ್ತೆಯ ಗೌಹರ್ ಜಾನ್ 1902ರಲ್ಲೇ ಇದರ ವರಸೆ ಹಿಡಿದಿದ್ದರು. ಮರ್ಯಾದಸ್ಥರೆನಿಸಿಕೊಂಡವರು ಯಂತ್ರದ ಮುಂದೆ ಹಾಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಕಂಪನಿಗಳು ಹುಡುಕಿಕೊಂಡು ಹೋದದ್ದು ಹಾಡುವುದನ್ನೇ ಕಸುಬಾಗಿಸಿಕೊಂಡ ಮನೆತನದ ಹೆಂಗಸರನ್ನು. ಗಂಗೂಬಾಯಿಯವರದೂ ಅಂಥದೇ ಮನೆತನ. ಮದುವೆಯ ಮುದ್ರೆ ಬೀಳದ ಸಂಬಂಧಗಳು, ಬೀದಿಯಲ್ಲಿ ಹೋದರೆ ಹಿಂದಿನಿಂದ ಬೀಳುವ ಮಾತು. ರಾಯದುರ್ಗ, ಆಲೂರು ಸೀಮೆಯಲ್ಲಿ ಹೆಣ್ಣುಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಇವರು. ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ಏನಾಗುತ್ತದೋ ಎಂಬ ಅಳುಕು ಆಗ ತನ್ನ ಮನಸ್ಸಿನಲ್ಲಿತ್ತೆಂದು ಮುಂದೆ ಹೇಳಿಕೊಂಡಿದ್ದಾರೆ.

ಕಂಪನಿ ತಟ್ಟೆಯ ಮೇಲೆ ಗಾಂಧಾರಿ ಎಂಬ ಅವರ ಹುಟ್ಟು ಹೆಸರನ್ನೇ ಅಚ್ಚು ಹಾಕಿತು. ಠುಮ್ರಿ, ಮರಾಠಿ ಭಾವಗೀತೆ, ಚಿಕ್ಕ ಖ್ಯಾಲು, ಎಲ್ಲವೂ ಇದ್ದವು. ಮುಂದೆ ಎಚ್‌ಎಂವಿಯಲ್ಲಿ ದೊಡ್ಡ ಧ್ವನಿಮುದ್ರಕರಾದ ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಯುಗಳಗೀತೆ ಮಹಾರಾಷ್ಟ್ರದಲ್ಲಿ ಮನೆಮಾತಾಯಿತು. ಅಲ್ಲಿಗೇ ಕಥೆ ನಿಂತಿದ್ದರೆ ಗಾಂಧಾರಿ ಹಾನಗಲ್ ಹಳೆಯ ಪ್ಲೇಟು ಕೂಡಿಸುವ ಹವ್ಯಾಸಿಗಳಿಗೆ ಮಾತ್ರ ಗೊತ್ತಿರುವ ಒಂದು ಸಿಹಿ ದನಿಯಾಗಿ ಉಳಿಯುತ್ತಿತ್ತು.

ನಿಲ್ಲಲಿಲ್ಲ. ಹದಿನಾರಕ್ಕೇ ವಕೀಲ ಗುರುರಾವ್ ಕೌಲಗಿಯವರ ಕೈಹಿಡಿದಿದ್ದರು. ಮೂವರು ಮಕ್ಕಳು. ಗಂಡ ಕೈಹಾಕಿದ ವ್ಯಾಪಾರಗಳು ಹತ್ತಲಿಲ್ಲ, ಮನೆ ನಡೆದದ್ದು ಹೆಂಡತಿಯ ಕಛೇರಿಯಿಂದ. ಈ ಸಂಸಾರದ ನಡುವೆಯೇ, 1930ರ ದಶಕದ ಕೊನೆಗೆ, ಕಿರಾನಾ ಘರಾಣೆಯ ಗಾಯಕ ಸವಾಯಿ ಗಂಧರ್ವರ ಬಳಿ ಗಟ್ಟಿ ಪಾಠ ಶುರುವಾಯಿತು. ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಗುರುಗಳು ಕುಂದಗೋಳಕ್ಕೆ ಮರಳಿದ್ದರು. ಶಿಷ್ಯೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರಬೇಕು. ಗುರುಗಳ ಮನೆಯಲ್ಲೇ ಇದ್ದುಕೊಂಡು ಕಲಿಯುತ್ತಿದ್ದ ಹುಡುಗನೊಬ್ಬ ಸಂಜೆ ಅವರನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದ. ಹೆಸರು ಭೀಮಸೇನ ಜೋಶಿ.

ಆ ಪಾಠದ ರೀತಿ ತಟ್ಟೆಯ ಹಾಡಿಗೆ ತೀರ ಎದುರು. ಒಂದು ಪಲಟಾ, ಅಂದರೆ ಸ್ವರಗಳ ವರಸೆ, ಹಿಡಿದರೆ ಗಂಟೆಗಟ್ಟಲೆ ಅದೇ. ರಾಗಗಳ ಎಣಿಕೆ ಹೆಚ್ಚಿಸುವ ಆತುರ ಗುರುಗಳಿಗಿರಲಿಲ್ಲ. ಜಿಪುಣ ದುಡ್ಡು ಬಿಚ್ಚುವಂತೆ ಸ್ವರ ಬಿಚ್ಚಬೇಕು ಎಂಬುದನ್ನು ತಾವು ಕಲಿತದ್ದು ಅಲ್ಲೇ ಎಂದು ಗಂಗೂಬಾಯಿ ನೆನೆಯುತ್ತಿದ್ದರು. ಮುಂದಿನ ಸ್ವರಕ್ಕೆ ಕೇಳುಗ ಕಾಯಬೇಕು. ಕಾಯಿಸಿ ಕೊಟ್ಟಾಗ ಅದರ ಬೆಲೆ ತಿಳಿಯುತ್ತದೆ. ಮೂರು ನಿಮಿಷದ ಪ್ಲೇಟು ಕಾಯಿಸಲು ಬಿಡುವುದಿಲ್ಲ.

ಇನ್ನು ಕಂಠದ ವಿಚಾರ. ಗಂಟಲಿಗೆ ಬೇನೆ ಬಂತು, ಶಸ್ತ್ರಚಿಕಿತ್ಸೆಯಾಯಿತು, ಗುಣವಾದಾಗ ಹಳೆಯ ದನಿ ಇರಲಿಲ್ಲ. ಶ್ರುತಿ ಇಳಿದು ಗಂಡುದನಿಯ ಹತ್ತಿರಕ್ಕೆ ಬಂದಿತ್ತು. ಹಾಡುವವರ ಮಟ್ಟಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಜನ ಮೆಚ್ಚಿದ್ದು ಆ ಸಣ್ಣ ದನಿಯನ್ನು, ಕಂಪನಿ ಕರೆದದ್ದು ಅದಕ್ಕೇ. ಠುಮ್ರಿಯ ಕುಸುರಿಗೆ, ಭಾವಗೀತೆಯ ನಯಕ್ಕೆ ಈ ಹೊಸ ಕಂಠ ಒಪ್ಪುವುದೂ ಇಲ್ಲ. ಬೇರೆಯವರಾಗಿದ್ದರೆ ಹಳೆಯ ದನಿಯನ್ನೇ ಎಳೆದಾಡಿ, ಹಳೆಯ ಹಾಡುಗಳನ್ನೇ ಬಿರುಕು ಮುಚ್ಚಿ ಹಾಡುತ್ತ ಕೆಲವು ವರ್ಷ ದಬ್ಬುತ್ತಿದ್ದರು. ಅಂಥವರನ್ನು ಕೇಳಿದ್ದೇವೆ, ಹೆಸರು ಬೇಡ.

ಗಂಗೂಬಾಯಿ 1945ರ ಹೊತ್ತಿಗೆ ಲಘು ಪ್ರಕಾರಗಳನ್ನು ಕೈಬಿಟ್ಟರು. ಆಮೇಲೆ ಹಾಡಿದ್ದು ಖ್ಯಾಲ್ ಒಂದೇ. ಕೇಳಿದರೂ ಠುಮ್ರಿ ಹಾಡುತ್ತಿರಲಿಲ್ಲ. ರಾಗ ಹಾಡುತ್ತೇನೆ ಅನ್ನುವುದು ಅವರ ನಿಲುವು. ಸವಾಯಿ ಗಂಧರ್ವರಿಂದ ಬಂದ ಆ ನಿಧಾನದ ಬಢತ್ತಿಗೆ, ರಾಗವನ್ನು ಸ್ವರ ಸ್ವರವಾಗಿ ಬೆಳೆಸುವ ಕ್ರಮಕ್ಕೆ, ತಳದ ದನಿ ಹೇಳಿ ಮಾಡಿಸಿದಂತೆ ಒದಗಿತು. ಮಂದ್ರದಲ್ಲಿ ಒಂದು ಸ್ವರ ಹಿಡಿದು ನಿಂತರೆ ತಂಬೂರಿಯ ತಂತಿ ಯಾವುದು, ಕಂಠ ಯಾವುದು ಗೊತ್ತಾಗದು. ಅವರ ಪುನರಾಗಮನ ಇದು ಎಂದು ನಾನು ಎಣಿಸುತ್ತೇನೆ. ದಿನಾಂಕ ಹಾಕಿ ಬಿಡುಗಡೆ ಮಾಡಿದ ಒಂದು ಆಲ್ಬಮ್ ಅಲ್ಲ, ನಿಧಾನಕ್ಕೆ, ಕಛೇರಿಯಿಂದ ಕಛೇರಿಗೆ ಆದದ್ದು. ಎಲ್‌ಪಿ ಬಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಿತು, ಆ ಗಾಯನಕ್ಕೆ ಕೊನೆಗೂ ತಕ್ಕ ಪಾತ್ರೆಯೂ ಸಿಕ್ಕಿತು.

ಪಾಶ್ಚಾತ್ಯ ಪಾಪ್ ಲೋಕದಲ್ಲಿ ಇದಕ್ಕೆ ಒಂದು ಜೋಡಿ ಇದೆ. ಇಂಗ್ಲೆಂಡಿನ ಮರಿಯಾನ್ ಫೇತ್‌ಫುಲ್ 1964ರಲ್ಲಿ ಹದಿಹರೆಯದ ಸಿಹಿದನಿಯ ತಾರೆ. ಆಮೇಲೆ ಮಾದಕವಸ್ತು, ಬೀದಿಪಾಲು, ಕೆಟ್ಟ ಗಂಟಲು. 1979ರ ‘ಬ್ರೋಕನ್ ಇಂಗ್ಲಿಷ್’ ಆಲ್ಬಮ್‌ನಲ್ಲಿ ಮರಳಿ ಬಂದಾಗ ದನಿ ಸೀಳಿ, ತಗ್ಗಿ, ಹೊಗೆ ಹಿಡಿದಂತಿತ್ತು. ಜನ ಆ ಎರಡನೆಯ ದನಿಯನ್ನೇ ಹೆಚ್ಚು ಹಚ್ಚಿಕೊಂಡರು. ವ್ಯತ್ಯಾಸವೂ ಉಂಟು. ಫೇತ್‌ಫುಲ್ ಆಲ್ಬಮ್ಮಿನಲ್ಲಿ ಬದುಕಿನ ಕಹಿಯೇ ಹಾಡಿನ ಮಾತಾಗಿ ಬರುತ್ತದೆ. ಖ್ಯಾಲಿನಲ್ಲಿ ಹಾಗೆ ತೋಡಿಕೊಳ್ಳುವ ಸೌಲಭ್ಯವೇ ಇಲ್ಲ. ಎರಡು ಸಾಲಿನ ಚೀಜು, ಅದೂ ಯಾರೋ ಎಂದೋ ಕಟ್ಟಿದ್ದು. 1952ರಲ್ಲಿ ಗುರು ಹೋದರು, 1966ರಲ್ಲಿ ಗಂಡ. ಅದಕ್ಕೆ ಮುಂಚೆಯೂ ಆಮೇಲೂ ಗಂಗೂಬಾಯಿ ಹಾಡಿದ್ದು ಅವೇ ಮಾರ್ವಾ, ಪೂರಿಯಾ ರಾಗಗಳು, ಅದೇ ಆಸಾವರಿ. ಯಾವ ದುಃಖ ಸ್ವರದಿಂದ ಸ್ವರಕ್ಕೆ ಜಾರುವ ಯಾವ ಮೀಂಡಿನಲ್ಲಿ ಸೇರಿತು ಎಂದು ಹೇಳುವ ಧೈರ್ಯ ನನಗಿಲ್ಲ. ಹೇಳುವವರನ್ನು ನಂಬುವುದೂ ಇಲ್ಲ.

ಪ್ರಶಸ್ತಿಗಳು ಬಂದವು: 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ.

ವೇದಿಕೆಯ ಮೇಲೆ ಅವರ ಬೆನ್ನ ಹಿಂದೆ ಕೂತಿರುತ್ತಿದ್ದ ಮಗಳು ಕೃಷ್ಣಾ ಅವರ ಬಗ್ಗೆ ಬರೆಯದೆ ಈ ಪರಿಚಯ ಪೂರ್ತಿಯಾಗದು. ಸ್ವತಃ ಒಳ್ಳೆಯ ಗಾಯಕಿ, ಒಬ್ಬರೇ ಕಛೇರಿ ಮಾಡಿ ಹೆಸರು ಗಳಿಸುವಷ್ಟು ತಯಾರಿ ಇದ್ದವರು. ಆದರೂ ಬಹುಪಾಲು ಆಯುಸ್ಸನ್ನು ತಾಯಿಗೆ ಜೊತೆ ಹಾಡುವುದರಲ್ಲೇ ಕಳೆದರು. ಧ್ವನಿಮುದ್ರಣಗಳಲ್ಲಿ ಗಮನಿಸಿ: ಗಂಗೂಬಾಯಿ ಒಂದು ಆಲಾಪ ಕೆಳಗೆ ತಂದು ಬಿಟ್ಟಾಗ ಹಿಂದಿನಿಂದ ತೆಳುವಾದ, ಏರಿದ ಹೆಣ್ಣುದನಿ ಅದನ್ನು ಎತ್ತಿಕೊಳ್ಳುತ್ತದೆ. ಪ್ಲೇಟಿನ ಗಾಂಧಾರಿಯನ್ನು ಕೇಳಿದವರು ಒಂದು ಕ್ಷಣ ಬೆಚ್ಚುತ್ತಾರೆ. ತಾಯಿ ಕಳೆದುಕೊಂಡ ಮೇಲ್ದನಿಯ ಜಾಗವನ್ನು ಮಗಳು ತುಂಬುತ್ತಿದ್ದರು. ಅಂಬಾಬಾಯಿ ಮಗಳಿಗಾಗಿ ಹಾಡು ಬಿಟ್ಟರು, ಕೃಷ್ಣಾ ತಾಯಿಗಾಗಿ ಹಿಂದಿನ ಸಾಲಿನಲ್ಲಿ ಕೂತರು. ನಡುವಿನ ಒಬ್ಬರ ಹೆಸರು ಜಗತ್ತಿಗೆ ಗೊತ್ತಾಯಿತು. ಇದು ನ್ಯಾಯವೇ ಎಂದು ಹೆಣ್ಣುಮಕ್ಕಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

2003ರಲ್ಲಿ ಗಂಗೂಬಾಯಿಯವರಿಗೇ ಮೂಳೆಮಜ್ಜೆಯ ಕ್ಯಾನ್ಸರ್. ತೊಂಬತ್ತರ ವಯಸ್ಸಿನಲ್ಲಿ ಅದನ್ನು ಗೆದ್ದು ಎದ್ದರು. ಮರುವರ್ಷ, 2004ರಲ್ಲಿ, ಕ್ಯಾನ್ಸರ್ ಕೃಷ್ಣಾ ಅವರನ್ನು ಕೊಂಡೊಯ್ದಿತು. ದಶಕಗಳ ಕಾಲ ಪಕ್ಕದಲ್ಲಿದ್ದ ಎರಡನೆಯ ದನಿ ಇಲ್ಲದ ಮೇಲೆ ಈ ವಯಸ್ಸಿನಲ್ಲಿ ಇನ್ನು ಹಾಡು ಮುಗಿಯಿತು ಎಂದೇ ಯಾರಾದರೂ ಅಂದುಕೊಳ್ಳಬೇಕು. 2006ರ ಮಾರ್ಚ್‌ನಲ್ಲಿ, ಸಂಗೀತ ಬದುಕಿನ 75 ವರ್ಷ ತುಂಬಿದ ನೆಪದಲ್ಲಿ, 93ರ ಅವರು ಮತ್ತೆ ವೇದಿಕೆಗೆ ಬಂದು ಹಾಡಿದರು. ಅದೇ ಕೊನೆಯ ಕಛೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಅವರ ಹೆಸರಿನ ಸಂಸ್ಥೆಗಳು ಈಗ ಎರಡು ಮುಖ್ಯವಾದವು ಇವೆ. ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಪದವಿ ಪರೀಕ್ಷೆಗಳದ್ದು. ಹುಬ್ಬಳ್ಳಿಯ ಉಣಕಲ್ಲಿನಲ್ಲಿರುವ ಗುರುಕುಲದ ಸ್ವಭಾವ ಬೇರೆ. ಅಲ್ಲಿ ಶಿಷ್ಯರು ಗುರುಗಳ ಬಳಿಯೇ ಉಳಿದು ಕಲಿಯುವ ಏರ್ಪಾಡು. ಕುಂದಗೋಳದ ರೈಲು ಹಿಡಿದು ಹೋಗಿಬರುತ್ತಿದ್ದವರ ಹೆಸರಿನಲ್ಲಿ ಇಂಥದ್ದೊಂದು ಆದದ್ದು ಸರಿಯಾಯಿತು. ಶುಕ್ರವಾರಪೇಟೆಯ ಹುಟ್ಟಿದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದರು, ಅದು ಪಾಳುಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಟ್ಟಡ ಕಟ್ಟುವ ಉಮೇದು ಕಟ್ಟಿದ್ದನ್ನು ಕಾಯುವುದಕ್ಕೆ ನಮ್ಮಲ್ಲಿ ಇರುವುದಿಲ್ಲ, ಗಡಿಯ ಈಚೆಗೂ ಅಷ್ಟೇ, ಆಚೆಗೂ ಅಷ್ಟೇ.

ಕೇಳಬೇಕೆನ್ನುವವರಿಗೆ ಒಂದು ಕ್ರಮ ಹೇಳುತ್ತೇನೆ. 78ರ ಪ್ಲೇಟುಗಳನ್ನು ಹವ್ಯಾಸಿಗಳು ಯೂಟ್ಯೂಬಿಗೆ ಏರಿಸಿದ್ದಾರೆ. ಮೊದಲು ಅಲ್ಲಿ ಗಾಂಧಾರಿ ಹಾನಗಲ್ ಹೆಸರಿನ ಎರಡು ಮಗ್ಗುಲು ಕೇಳಿ, ಆರು ನಿಮಿಷದ ಕೆಲಸ. ಆಮೇಲೆ ದೊಡ್ಡ ಮುದ್ರಣಗಳಿಗೆ ಬನ್ನಿ. ಬೆಳಗಾದರೆ ಆಸಾವರಿ, ಸಂಜೆಯಾದರೆ ಮಾರ್ವಾ. ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ಬೇಡ, ಕೋಣೆಯಲ್ಲಿ ಸ್ಪೀಕರ್ ಇಟ್ಟು ಕೇಳಿ, ಮಂದ್ರ ಅದರಲ್ಲೇ ಚೆನ್ನ. ಮೊದಲ ಹತ್ತು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ಎದ್ದು ಹೋಗಬೇಡಿ. ಕಾಲಾವಕಾಶ ಇದ್ದವರು ಕುಂದಗೋಳಕ್ಕೇ ಹೋಗಬಹುದು. ಅಲ್ಲಿನ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವ ನಡೆಯುತ್ತದೆ. ಗಂಗೂಬಾಯಿ, ಭೀಮಸೇನರು ಗುರುವಿನ ನೆನಪಿಗೆ ಹಾಡಿದ ಜಾಗ ಅದು. ನಮ್ಮ ಕಡೆಯವರು ಬಳ್ಳಾರಿಯಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿಯಲ್ಲಿ ಇಳಿಯಬೇಕು, ಅಲ್ಲಿಂದ ಕುಂದಗೋಳಕ್ಕೆ ರೈಲೂ ಉಂಟು, ಬಸ್ಸೂ ಉಂಟು.